ತೋರಿಸಿಕೊಟ್ಟ ಕೈ

ಆಸ್ಪತ್ರೆಯ ಎರಡನೇ ಮಹಡಿಯ ಮೂಲೆಕೋಣೆಯಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಮೇಜಿನ ಮೇಲೆ ಹಳೆಯ ಪತ್ರಿಕೆಯ ಒಂದು ಹಾಳೆ ಹರಡಿರುತ್ತಿತ್ತು. ಓದುವುದಕ್ಕಲ್ಲ. ರೋಗಿಗಳು ಮನೆಯಲ್ಲಿ ಹೊಟ್ಟೆಯಿಂದ ಇಳಿಸಿ ತಂದ ನೀರಿನ ಚೀಲವನ್ನು ಸಿಸ್ಟರ್ ಆ ಹಾಳೆಯ ಮೇಲಿಟ್ಟು ಬಗ್ಗಿ ನೋಡುತ್ತಿದ್ದರು. ಚೀಲದ ಕೆಳಗಿನ ಅಕ್ಷರ ಓದಲು ಬಂದರೆ ಎಲ್ಲ ಸರಿಯಾಗಿದೆ ಎಂದರ್ಥ. ಅಕ್ಷರ ಮಬ್ಬಾದರೆ ಹೊಟ್ಟೆಯೊಳಗೆ ಸೋಂಕು ಕೂತಿದೆ ಎಂದರ್ಥ.

ಮೂತ್ರಪಿಂಡ ಕೈಕೊಟ್ಟವರು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಬಂದು, ಸೂಜಿ ಚುಚ್ಚಿಸಿಕೊಂಡು, ನಾಲ್ಕು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ಅದು ಬೇಡವೆಂದರೆ ಹೊಟ್ಟೆಗೆ ಒಂದು ಸಣ್ಣ ನಳಿಕೆ ಕೂಡಿಸಿಕೊಂಡು, ಮನೆಯಲ್ಲೇ ದಿನಕ್ಕೆ ನಾಲ್ಕು ಸಲ ಹಳೆಯ ನೀರು ಇಳಿಸಿ ಹೊಸ ಔಷಧಿನೀರು ತುಂಬಿಕೊಳ್ಳಬಹುದು. ಜನರ ಬಾಯಲ್ಲಿ ಅದಕ್ಕೆ ‘ಹೊಟ್ಟೆ ಡಯಾಲಿಸಿಸ್’ ಎಂದು ಹೆಸರು. ಅದರಿಂದ ಕೆಲಸ ನಿಲ್ಲುವುದಿಲ್ಲ, ಮನೆಯ ಊಟ ತಪ್ಪುವುದಿಲ್ಲ. ಆದರೆ ಚೀಲ ಬದಲಾಯಿಸುವವರ ಕೈ ಶುದ್ಧವಾಗಿರಬೇಕು. ನಳಿಕೆಯ ತೆರೆದ ತುದಿಗೆ ಬೆರಳು ಸೋಕಿದರೆ ಮುಗಿಯಿತು.

ಈ ಕೆಲಸ ಕಲಿಸುವುದರಲ್ಲಿ ಸಿಸ್ಟರ್‌ಗೆ ಹದಿನೆಂಟು ವರ್ಷದ ಅನುಭವ. ಬೆನ್ನ ಹಿಂದೆ ಎಲ್ಲರೂ ಅವರನ್ನು ‘ಸಾಬೂನು ಸಿಸ್ಟರ್’ ಎನ್ನುತ್ತಿದ್ದರು. ದೂರದಿಂದ ಅವರತ್ತ ಕೈ ಬೀಸಬೇಕಾದರೂ ಮೊದಲು ಸಾಬೂನು ಹಚ್ಚಿ ತೊಳೆದಿರಬೇಕು ಎಂದು ವಾರ್ಡಿನಲ್ಲಿ ತಮಾಷೆ ಮಾಡುತ್ತಿದ್ದರು. ಈ ಮಾತು ಸಿಸ್ಟರ್ ಕಿವಿಗೂ ಬಿದ್ದಿತ್ತು. ಅವರಿಗೆ ಅದರಿಂದ ಒಳಗೊಳಗೇ ಖುಷಿಯಾಗಿತ್ತು.

ಆ ಸೋಮವಾರ ಬೀಗ ರಿಪೇರಿಯವನನ್ನು ಅವನ ಹೆಂಡತಿಯೂ ಅಕ್ಕನೂ ಎರಡು ಕಡೆ ಹಿಡಿದುಕೊಂಡು ಬಂದರು. ಅವನು ಹೊಟ್ಟೆ ಒತ್ತಿಕೊಂಡು ಬಾಗಿದ್ದ. ತುಟಿ ಒಣಗಿತ್ತು. ಹೆಂಡತಿ ಚೀಲವನ್ನು ಮೇಜಿನ ಮೇಲಿಟ್ಟಳು. ಅಕ್ಕಿ ತೊಳೆದ ನೀರಿನಂತಿದ್ದ ಅದರ ಕೆಳಗಿನ ಒಂದು ಅಕ್ಷರವೂ ಕಾಣಲಿಲ್ಲ. ಮೂರು ತಿಂಗಳಲ್ಲಿ ಅದು ಎರಡನೇ ಸಲ.

ಹೊರಗೆ ಬೆಂಚಿನ ಮೇಲೆ ಆರೇಳು ಜನ ಕಾಯುತ್ತಿದ್ದರು. ಬಾಗಿಲು ತೆರೆದೇ ಇತ್ತು.

"ಕೈ ತೊಳೆದಿದ್ರಾ?" ಸಿಸ್ಟರ್ ಹೆಂಡತಿಯನ್ನು ಕೇಳಿದರು.

"ತೊಳೆದಿದ್ದೆ ಸಿಸ್ಟರ್. ನೀವು ಹೇಳಿಕೊಟ್ಟ ಹಾಗೇ ಎಲ್ಲ ಮಾಡಿದೀನಿ."

"ನಾನು ಹೇಳಿಕೊಟ್ಟ ಹಾಗೆ ಮಾಡಿದ್ರೆ ಹೀಗೆ ಆಗೋದಿಲ್ಲಮ್ಮ. ಮೊದಲನೇ ಸಲ ಗೊತ್ತಾಗದೆ ಆಯ್ತು ಅಂದುಕೊಳ್ಳೋಣ. ಎರಡನೇ ಸಲ ಆದ್ರೆ ಅದಕ್ಕೆ ಏನು ಅನ್ನಬೇಕು? ಗಂಡನ ಜೀವ ನಿಮ್ಮ ಕೈಯಲ್ಲಿದೆ ಅನ್ನೋ ನೆನಪಾದ್ರೂ ಇರಬೇಡವಾ?"

ಬೆಂಚಿನ ಮೇಲಿದ್ದವರು ತಲೆ ಎತ್ತಿದರು. ಹೆಂಡತಿ ತನ್ನ ಕೈಗಳನ್ನೊಮ್ಮೆ ನೋಡಿಕೊಂಡಳು. ಆಕೆ ಹನ್ನೆರಡು ವರ್ಷದಿಂದ ಬೇಕರಿಯೊಂದರಲ್ಲಿ ಹಿಟ್ಟು ನಾದುವವಳು. ಆಕೆಯ ಉಗುರಿನ ಸಂದಿಯಲ್ಲಿ ಒಂದು ಚುಕ್ಕೆ ಕೊಳೆಯನ್ನು ಯಾರೂ ಕಂಡಿರಲಿಲ್ಲ. ಪಕ್ಕದಲ್ಲಿದ್ದ ಗಂಡನ ಅಕ್ಕ, ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆ ಎಂಬಂತೆ ಉದ್ದವಾಗಿ ಉಸಿರುಬಿಟ್ಟಳು.

ಸಿಸ್ಟರ್ ಕಡತ ತೆಗೆದು ಬರೆದರು: ‘ಸೋಂಕಿಗೆ ಕಾರಣ, ಮನೆಯವರ ಅಜಾಗರೂಕತೆ.’ ಅವರ ಅಕ್ಷರ ದುಂಡಗೆ, ಮುದ್ದಾಗಿತ್ತು.

ಬೀಗದವನನ್ನು ವಾರ್ಡಿಗೆ ಸೇರಿಸಿಕೊಂಡರು. ಔಷಧಿ ಹಾಕಿದ ಚೀಲಗಳನ್ನು ಕೊಟ್ಟ ಮೇಲೆ ಮೂರನೇ ದಿನಕ್ಕೆ ಜ್ವರ ಇಳಿಯಿತು, ನೀರು ತಿಳಿಯಾಗತೊಡಗಿತು. ಡಾಕ್ಟರಮ್ಮ ನೋಡಿ, ನಳಿಕೆ ಸದ್ಯಕ್ಕೆ ಉಳಿಯಿತು, ಆದರೆ ಮುಂದೇನು ಎಂದು ಈಗಲೇ ಯೋಚಿಸಬೇಕು ಎಂದರು. ಅವನ ಅಕ್ಕನಿಗೆ ಯೋಚಿಸುವಂಥದ್ದೇನೂ ಇರಲಿಲ್ಲ. ನಳಿಕೆ ತೆಗೆಸಿ ಯಂತ್ರಕ್ಕೆ ಹಾಕಿಬಿಡಿ, ಕಲಿತವರ ಕೈಯಲ್ಲಾದರೂ ತಮ್ಮ ಬದುಕಿರುತ್ತಾನೆ ಎನ್ನುವುದು ಅವಳ ಮಾತು. ತಮ್ಮನಿಗೆ ಅದು ಬೇಡವಾಗಿತ್ತು. ಬೀದಿ ಕಡೆಯ ಸಣ್ಣ ಅಂಗಡಿಯಲ್ಲಿ ಅವನೊಬ್ಬನೇ ಕೆಲಸಗಾರ. ಕೀಲಿಕೈ ಕಳೆದುಕೊಂಡವರು ದಿನ ವಾರ ನೋಡಿ ಬರುವುದಿಲ್ಲ. ಆದರೂ ಅವನು ಗಟ್ಟಿಯಾಗಿ ಬೇಡ ಎನ್ನಲಿಲ್ಲ, ಏಕೆಂದರೆ ಹೆಂಡತಿ ಇನ್ನು ಮೇಲೆ ಚೀಲ ಮುಟ್ಟುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ಅವನೇ ಮಾಡಿಕೊಳ್ಳುವಂತಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಅವನ ಬೆರಳ ತುದಿಗಳಿಗೆ ಜೋಮು ಹಿಡಿದಿತ್ತು. ಬೀಗವನ್ನು ಈಗೀಗ ಅವನು ಒಳಗಿನ ಸದ್ದು ಆಲಿಸಿ ಕಿವಿಯಿಂದಲೇ ತೆಗೆಯುತ್ತಿದ್ದ.

ಒಂದು ತೀರ್ಮಾನಕ್ಕೆ ಬರುವ ಮೊದಲು ಅವರ ಮನೆಯನ್ನೊಮ್ಮೆ ನೋಡಿಕೊಂಡು ಬನ್ನಿ ಎಂದು ಡಾಕ್ಟರಮ್ಮ ಸಿಸ್ಟರ್‌ಗೆ ಹೇಳಿದರು. ಮನೆಗಳಿಗೆ ಹೋಗಿ ನೋಡುವ ಪದ್ಧತಿ ಮೊದಲು ಇತ್ತು. ಕೆಲಸದ ಹೊರೆ ಹೆಚ್ಚಿದಂತೆ ಅದು ನಿಂತುಹೋಗಿತ್ತು. ನಿಂತದ್ದಕ್ಕೆ ಯಾರಿಗೂ ಬೇಸರವಾಗಿರಲಿಲ್ಲ, ಸಿಸ್ಟರ್‌ಗೂ ಆಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಅವರು ತರಬೇತಿಯ ಸಾಮಾನು ಚೀಲಕ್ಕೆ ತುಂಬಿಕೊಂಡು ಹೋದರು. ಅಂಗಡಿಯ ಹಿಂದೆಯೇ ಮನೆ, ಎರಡು ಕೋಣೆ. ಕೊಳಕನ್ನು ನೋಡಲು ತಯಾರಾಗಿ ಬಂದಿದ್ದ ಸಿಸ್ಟರ್‌ಗೆ ಕೊಳಕು ಸಿಗಲಿಲ್ಲ. ಒಳಕೋಣೆಯ ಒಂದು ಮೂಲೆಯನ್ನು ಇದಕ್ಕೆಂದೇ ಬಿಟ್ಟಿದ್ದರು. ಧೂಳು ಕೂರುತ್ತದೆಂದು ಕಿಟಕಿಯ ಪರದೆ ತೆಗೆದು ಗಾಜಿಗೆ ಬಿಳಿ ಕಾಗದ ಅಂಟಿಸಿದ್ದರು. ಮೇಜಿಗೆ ತಗಡು ಹೊದಿಸಿದ್ದು ಬೀಗದವನ ಕೈಕೆಲಸವಿರಬೇಕು, ಅಂಚುಗಳನ್ನು ನುಣ್ಣಗೆ ಮಡಿಚಲಾಗಿತ್ತು. ಗೋಡೆಯ ಮೇಲೆ ಗಡಿಯಾರ, ಅದರ ಕೆಳಗೆ ರಟ್ಟಿನ ಮೇಲೆ ಹೆಂಡತಿ ತನ್ನ ಕೈಯಾರೆ ಬರೆದ ಪಟ್ಟಿ: ಒಂದು, ಫ್ಯಾನ್ ಆರಿಸಬೇಕು. ಎರಡು, ಕಿಟಕಿ ಬಾಗಿಲು ಹಾಕಬೇಕು. ಹೀಗೆ ಹದಿನೇಳರವರೆಗೆ.

ಇಷ್ಟು ಹೊತ್ತಿಗೆ ಆಕೆ ಬೇಕರಿಯಲ್ಲಿರಬೇಕಿತ್ತಲ್ಲ ಎಂದು ಸಿಸ್ಟರ್ ಕೇಳಿದರು. ಹೋಗುತ್ತಿಲ್ಲ ಎಂದಳು. ಯಾಕೆ ಎಂದಾಗ ಅಂಗೈಗಳನ್ನು ಮುಂದೆ ಚಾಚಿದಳು.

"ಊರವರೆಲ್ಲ ತಿನ್ನೋ ಬ್ರೆಡ್ಡು ಸಿಸ್ಟರ್. ಈ ಕೈಯಲ್ಲಿ ಹೇಗೆ ನಾದಲಿ?"

ಸಿಸ್ಟರ್ ಸಾಮಾನು ಬಿಚ್ಚಿದರು. ಬಟ್ಟೆಯಲ್ಲಿ ಹೊಲಿದ ಒಂದು ಸುಳ್ಳು ಹೊಟ್ಟೆ, ಅದಕ್ಕೊಂದು ನಳಿಕೆ, ಎರಡು ಚೀಲ. ಇದು ಬರೀ ಅಭ್ಯಾಸ, ಯಾರ ಜೀವಕ್ಕೂ ಏನೂ ಆಗುವುದಿಲ್ಲ, ಒಂದು ಸಲ ಮಾಡಿ ತೋರಿಸಿ ಎಂದರು. ಆಕೆ ಒಲ್ಲೆನೆಂದಳು. ಸಿಸ್ಟರ್ ಬಿಡಲಿಲ್ಲ. ಗಂಡನ ಅಕ್ಕ ಬಂದು ಹೊಸ್ತಿಲ ಮೇಲೆ ನಿಂತಳು.

ಕೊನೆಗೆ ಹೆಂಡತಿ ಎದ್ದಳು. ಫ್ಯಾನ್ ಆರಿಸಿದಳು, ಬಾಗಿಲು ಹಾಕಿದಳು, ಮೇಜು ಒರೆಸಿದಳು, ಮಾಸ್ಕ್ ಕಟ್ಟಿಕೊಂಡಳು. ಕೈ ತೊಳೆದದ್ದಂತೂ ನೋಡುವಂತಿತ್ತು. ಬೆರಳ ಸಂದಿ, ಹೆಬ್ಬೆರಳ ಬುಡ, ಉಗುರು, ಮಣಿಕಟ್ಟು, ಯಾವುದೂ ತಪ್ಪಲಿಲ್ಲ. ನಲ್ಲಿಯನ್ನು ಮೊಣಕೈಯಿಂದ ನಿಲ್ಲಿಸಿದಳು. ಕಲಿತ ನರ್ಸುಗಳೂ ಇಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ ಎಂದುಕೊಂಡರು ಸಿಸ್ಟರ್. ಆಕೆ ಚೀಲ ತೂಗುಹಾಕಿದಳು, ನಳಿಕೆಯನ್ನು ಎಡಗೈಗೆ ತೆಗೆದುಕೊಂಡಳು. ಆಮೇಲೆ, ಮುಚ್ಚಳ ತೆಗೆಯುವ ಮುಂಚೆ, ಬಲಗೈಯ ಎರಡು ಬೆರಳಿನಿಂದ ಮಾಸ್ಕನ್ನು ಮೂಗಿನ ಮೇಲೆ ಒತ್ತಿಕೊಂಡಳು. ಅದೇ ಬೆರಳಿನಿಂದ ಮುಚ್ಚಳ ತೆಗೆದು ಜೋಡಿಸಿದಳು.

"ನಿಲ್ಲಿ," ಎಂದರು ಸಿಸ್ಟರ್. "ಮಾಸ್ಕ್ ಜಾರಿತ್ತಾ?"

"ಇಲ್ಲವಲ್ಲ."

"ಮತ್ತೆ ಯಾಕೆ ಮುಟ್ಟಿದಿರಿ?"

ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀವು ಮಾಡ್ತಿದ್ರಲ್ಲ ಸಿಸ್ಟರ್. ಪ್ರತಿ ಸಲ ಮುಚ್ಚಳ ತೆಗೆಯೋ ಮುಂಚೆ. ಉಸಿರು ತಾಗಬಾರದು ಅಂತ ಇರಬೇಕು ಅಂದುಕೊಂಡು ಬರೆದೂ ಇಟ್ಟುಕೊಂಡಿದೀನಿ." ಕಣ್ಣಿನಲ್ಲೇ ಗೋಡೆ ತೋರಿಸಿದಳು.

ರಟ್ಟಿನ ಮೇಲೆ ಹನ್ನೊಂದನೆಯದು: ‘ಮಾಸ್ಕನ್ನು ಮೂಗಿನ ಮೇಲೆ ಚೆನ್ನಾಗಿ ಒತ್ತಬೇಕು.’

ಸಿಸ್ಟರ್ ಆ ಸಾಲನ್ನು ಎರಡು ಸಲ ಓದಿದರು. ಅವರಿಗೆ ಕನ್ನಡಕ ಬಂದು ಎರಡು ವರ್ಷವಾಗಿತ್ತು. ಮಾಸ್ಕ್ ಕಟ್ಟಿದರೆ ಉಸಿರಿನ ಹಬೆ ಗಾಜಿಗೆ ಏರುತ್ತಿತ್ತು. ಹಬೆ ಏರದಂತೆ ಮೂಗಿನ ಬಳಿ ಒತ್ತಿಕೊಳ್ಳುವುದು ಯಾವಾಗ ಅಭ್ಯಾಸವಾಯಿತೋ ಅವರಿಗೇ ತಿಳಿದಿರಲಿಲ್ಲ. ಬೀಗದವನ ಚೀಲದ ನೀರು ಪರೀಕ್ಷಿಸಿದ ಪ್ರಯೋಗಾಲಯದ ವರದಿಯಲ್ಲಿದ್ದದ್ದು ಜನರ ಮೂಗಿನಲ್ಲಿ ಮನೆಮಾಡಿಕೊಂಡಿರುವ ರೋಗಾಣುವೆಂಬುದು ಅವರಿಗೆ ಗೊತ್ತಿತ್ತು. ಇನ್ನೊಂದು ವಿಷಯವೂ ನೆನಪಾಯಿತು. ಐದು ದಿನ ಕಲಿಸಬೇಕಾದದ್ದನ್ನು ಇವಳಿಗೆ ಒಂದೂವರೆ ದಿನದಲ್ಲಿ ಮುಗಿಸಿದ್ದರು. ಚುರುಕು ಹೆಂಗಸು, ಒಮ್ಮೆ ತೋರಿಸಿದರೆ ಸಾಕು ಎಂದುಕೊಂಡಿದ್ದರು. ಅವಳಿಂದ ಒಂದು ಸಲವೂ ಪೂರ್ತಿ ಮಾಡಿಸಿ ನೋಡಿರಲಿಲ್ಲ.

"ಏನಾಯ್ತು? ತಪ್ಪು ಮಾಡಿದಳಾ?" ಹೊಸ್ತಿಲಿನಿಂದ ಗಂಡನ ಅಕ್ಕ ಕೇಳಿದಳು.

ಹೇಳುವುದಿದ್ದರೆ ಅದೇ ಸಮಯ. ಆದರೆ ಸಿಸ್ಟರ್ ಬಾಯಿಂದ ಹೊರಬಂದದ್ದೇ ಬೇರೆ.

"ಕೈ ತೊಳೆದ ಮೇಲೆ ಮೂಗಿನ ಹತ್ತಿರ ಬೆರಳು ಹೋಗಬಾರದು."

"ನೋಡಿದೆಯಾ?" ಎಂದಳು ಅಕ್ಕ, ತಮ್ಮನ ಹೆಂಡತಿಗೆ. ಅವಳ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ಅಳು ಇತ್ತು. ಹೆಂಡತಿ ಹೋಗಿ ಆ ರಟ್ಟನ್ನು ಗೋಡೆಯಿಂದ ಕಿತ್ತು, ಎರಡಾಗಿ ಮಡಿಚಿ, ಮೇಜಿನ ಕೆಳಗಿಟ್ಟಳು.

ಸಿಸ್ಟರ್ ಸಾಮಾನು ಕಟ್ಟಿಕೊಂಡು ಹೊರಟರು. ಬಸ್ಸಿನಲ್ಲಿ ಕೂತ ಮೇಲೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಾನು ಸುಳ್ಳು ಹೇಳಲಿಲ್ಲ, ಸರಿಯಾದದ್ದನ್ನೇ ಹೇಳಿದೆ, ತಿದ್ದಿದೆ, ಅಷ್ಟು ಸಾಕು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಆ ಸಮಾಧಾನ ತೀರಿಹೋಯಿತು.

ಮರುದಿನ ವಾರ್ಡಿನಲ್ಲಿ ಕಿರಿಯ ನರ್ಸನ್ನು ಕರೆದು, ನಾನು ಚೀಲ ಬದಲಾಯಿಸುವಾಗ ನನ್ನ ಕೈಯನ್ನೇ ನೋಡುತ್ತಿರು ಎಂದರು. ಅವಳಿಗೆ ಸಂಕೋಚ. ಹಿರಿಯರ ಕೈಯನ್ನು ಪರೀಕ್ಷೆ ಮಾಡುವುದೆಂದರೇನು? ಆದರೂ ನೋಡಿದಳು. ನಾಲ್ಕು ರೋಗಿಗಳಲ್ಲಿ ಮೂವರ ಹತ್ತಿರ ಮಾಸ್ಕ್ ಮುಟ್ಟಿದಿರಿ ಎಂದು ಮೆಲ್ಲಗೆ ಹೇಳಿದಳು. ಎಚ್ಚರದಿಂದ ಇದ್ದೂ ಮೂರು ಸಲ. ನಿನಗೆ ಇದು ಮೊದಲೇ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಎಂದಳು. ಮತ್ತೆ ಯಾಕೆ ಹೇಳಲಿಲ್ಲ ಎಂದಾಗ ಅವಳು ನೆಲ ನೋಡಿದಳು. ಸಾಬೂನು ಸಿಸ್ಟರ್‌ಗೆ ಕೈ ತೊಳೆಯುವುದನ್ನು ಹೇಳಿಕೊಡುವವರು ಯಾರಿದ್ದಾರೆ?

ಸಿಸ್ಟರ್ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಕನ್ನಡಕ ಬಂದಂದಿನಿಂದ ತಾವು ಕಲಿಸಿದವರ ಕಡತಗಳನ್ನೆಲ್ಲ ಇಳಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡು ನಕ್ಕಿದ್ದುಂಟು. ಈಗ ಯಾರೂ ಕೂಗದೆಯೇ ಅವರು ಹೆಗಲು ಮುಟ್ಟಿಕೊಳ್ಳುತ್ತಿದ್ದರು. ಮೇಲಿಂದ ಮೇಲೆ ಸೋಂಕಾದವರು ಬೀಗದವನನ್ನು ಬಿಟ್ಟು ಇನ್ನಿಬ್ಬರಿದ್ದರು. ಇಬ್ಬರ ಕಡತದಲ್ಲೂ ಅದೇ ದುಂಡಗಿನ ಅಕ್ಷರ, ಅದೇ ಸಾಲು: ‘ಮನೆಯವರ ಅಜಾಗರೂಕತೆ.’ ಒಬ್ಬಾಕೆ ಈಗ ಚೆನ್ನಾಗಿದ್ದಳು. ಇನ್ನೊಬ್ಬ, ನಿವೃತ್ತ ಅಂಚೆಯವ, ನಳಿಕೆ ತೆಗೆಸಿಕೊಂಡು ಯಂತ್ರಕ್ಕೆ ಹೋಗಿದ್ದ. ಅವನ ಚೀಲ ಬದಲಾಯಿಸುತ್ತಿದ್ದವನು ಮಗ. ಅವರಿಗೆ ಸೋಂಕು ತಗುಲಿದ್ದು ತಮ್ಮಿಂದ ಕಲಿತ ಅಭ್ಯಾಸದಿಂದಲೇ ಎಂದು ಹೇಳಲು ಬರುವಂತಿರಲಿಲ್ಲ. ಅಲ್ಲವೆಂದು ಹೇಳಲೂ ಬರುವಂತಿರಲಿಲ್ಲ. ಕಡತಗಳನ್ನು ಇದ್ದ ಜಾಗಕ್ಕೇ ಇಟ್ಟರು. ಯಾರಿಗೂ ಹೇಳಲಿಲ್ಲ.

ಆ ದಿನ ಕಳೆಯಿತು, ಭಾನುವಾರವೂ ಕಳೆಯಿತು. ಅನ್ನ ಸೇರಲಿಲ್ಲ. ಮನೆಯಲ್ಲಿ ಏನಾಯಿತೆಂದು ಕೇಳಿದರೆ ತಲೆನೋವು ಎಂದರು.

ಸೋಮವಾರ ಡಾಕ್ಟರಮ್ಮ ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು. ಬೀಗದವ ಗಾಲಿಕುರ್ಚಿ ಬೇಡವೆಂದು ನಡೆದೇ ಬಂದ. ಮೊದಲು ಮಾತಾಡಿದವಳು ಅವನ ಅಕ್ಕ.

"ನಾನು ಕೆಟ್ಟವಳಲ್ಲ ಮೇಡಂ. ಇವಳನ್ನ ದೂರಬೇಕು ಅಂತ ನನಗೇನಿಲ್ಲ. ಅಮ್ಮ ಹೋದಾಗ ಇವನಿಗೆ ಆರು ವರ್ಷ. ನಾನೇ ಸಾಕಿದ್ದು. ಇನ್ನೊಂದು ಸಲ ಹೀಗಾದ್ರೆ ಇವನು ತಡೆಯೋದಿಲ್ಲ. ಯಂತ್ರಕ್ಕೇ ಹಾಕಿಬಿಡಿ."

ಬೀಗದವ ಸಣ್ಣಗೆ ನಕ್ಕ. "ಊರವರ ಬಾಗಿಲು ತೆಗೆಯೋನು ವಾರಕ್ಕೆ ಮೂರು ದಿನ ತನ್ನ ಬಾಗಿಲೇ ಹಾಕಿಕೊಂಡ್ರೆ ಹೇಗಕ್ಕ?" ಎಂದ. ಯಾರೂ ನಗಲಿಲ್ಲ. ಅವನು ಹೆಂಡತಿಯತ್ತ ತಿರುಗಿದ. ಆಕೆ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದಳು. ಅವನು ತಲೆ ತಗ್ಗಿಸಿ, ಆಗಲಿ, ನೀವೆಲ್ಲ ಹೇಳಿದ ಹಾಗೇ ಆಗಲಿ ಎಂದ.

ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. ಮನೆ ಹೇಗಿತ್ತು ಎಂದು ಸಿಸ್ಟರನ್ನು ಕೇಳಿದರು.

"ಮನೆ ಚೆನ್ನಾಗಿದೆ ಮೇಡಂ. ನಮ್ಮ ವಾರ್ಡಿಗಿಂತ ಚೊಕ್ಕಟವಾಗಿದೆ." ಸಿಸ್ಟರ್ ಕೂತಿದ್ದವರು ಎದ್ದು ನಿಂತರು. ಯಾಕೆ ನಿಂತರೋ ಅವರಿಗೇ ಗೊತ್ತಾಗಲಿಲ್ಲ. "ತಪ್ಪು ಇವರದ್ದಲ್ಲ. ಕೈ ತೊಳೆದ ಮೇಲೆ ಮಾಸ್ಕ್ ಮುಟ್ಟೋ ಅಭ್ಯಾಸ ನನಗಿದೆ. ಇವರಿಗೆ ಕಲಿಸುವಾಗಲೂ ಮುಟ್ಟಿದೀನಿ. ಇವರು ನನ್ನನ್ನ ನೋಡಿ ಅದೂ ಒಂದು ನಿಯಮ ಅಂತ ಬರೆದುಕೊಂಡು, ದಿನಕ್ಕೆ ನಾಲ್ಕು ಸಲ ತಪ್ಪದೆ ಮಾಡಿದಾರೆ. ಐದು ದಿನ ಕಲಿಸಬೇಕಿತ್ತು, ನಾನು ಒಂದೂವರೆ ದಿನದಲ್ಲಿ ಕೈತೊಳೆದುಕೊಂಡೆ. ಆಮೇಲೆ ಎಲ್ಲರ ಎದುರಿಗೆ ಇವರನ್ನೇ ಬೈದೆ."

ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಬೀಗದವ ಹೆಂಡತಿಯನ್ನು ನೋಡಿದ. ಆಕೆ ಸಿಸ್ಟರನ್ನೇ ನೋಡುತ್ತಿದ್ದಳು.

"ಇದು ನಿಮಗೆ ಶುಕ್ರವಾರ ನಮ್ಮ ಮನೇಲೇ ಗೊತ್ತಾಯ್ತಾ?"

"ಹೂಂ."

"ಇವತ್ತು ಸೋಮವಾರ."

ಸಿಸ್ಟರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮೂರು ದಿನ," ಎಂದಳು ಆಕೆ. ದನಿ ಏರಲಿಲ್ಲ. "ಮೂರು ದಿನ ನಾನು ನನ್ನ ಕೈಯಲ್ಲಿ ತುತ್ತು ಎತ್ತಿ ಉಂಡಿಲ್ಲ ಸಿಸ್ಟರ್. ಚಮಚ ಹಿಡಿದು ತಿಂದೆ."

ಬೀಗದವ ಎದ್ದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ಸೆರಗಿನೊಳಗಿದ್ದ ಕೈಯನ್ನು ಹೊರಗೆಳೆದು ತನ್ನ ತೊಡೆಯ ಮೇಲಿಟ್ಟುಕೊಂಡ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ನಳಿಕೆ ತೆಗೆಯುವ ಮಾತು ಸದ್ಯಕ್ಕೆ ಬೇಡ, ಮೊದಲಿನಿಂದ ಕಲಿಯೋಣ, ನಾವೂ ಕಲಿಯೋಣ ಎಂದರು. ಸಿಸ್ಟರ್‌ಗೆ ಆಮೇಲೆ ಬಂದು ಕಾಣಿ ಎಂದರು. ಕಂಡಾಗ ಏನಾಯಿತೋ ವಾರ್ಡಿಗೆ ತಿಳಿಯಲಿಲ್ಲ. ಒಂದು ಎಚ್ಚರಿಕೆಯ ಪತ್ರ ಬಂದದ್ದು ಮಾತ್ರ ತಿಳಿಯಿತು. ಇನ್ನು ಮೇಲೆ ಯಾರೇ ಕಲಿಸಿದರೂ ಐದು ದಿನ ಪೂರ್ತಿ ಕಲಿಸಬೇಕು, ಕಲಿತವರು ಮಾಡಿ ತೋರಿಸಬೇಕು, ತಿಂಗಳೊಳಗೆ ಮನೆಗೆ ಹೋಗಿ ನೋಡಬೇಕು ಎಂಬ ನಿಯಮವೂ ಬಂತು. ಕಿರಿಯ ನರ್ಸು ಎರಡು ವಾರ ಸಿಸ್ಟರ್ ಪಕ್ಕ ನಿಂತು, ಬೆರಳು ಮೂಗಿನತ್ತ ಹೊರಟಾಗಲೆಲ್ಲ ಕೆಮ್ಮುತ್ತಿದ್ದಳು. ರೋಗಿಗಳು ಪಾಪ ಈ ಹುಡುಗಿಗೆ ಕೆಮ್ಮು ಬಿಡಲೇ ಇಲ್ಲ ಎಂದುಕೊಂಡರು.

ಬೀಗದವನ ಹೆಂಡತಿ ಕಲಿಯಲು ಒಪ್ಪಿದಳು. ಬೇರೆಯವರಿಂದ ಕಲಿಯುತ್ತೀರಾ ಎಂದು ಸಿಸ್ಟರ್ ಕೇಳಿದ್ದಕ್ಕೆ, ಬೇಡ, ನೀವೇ ಬನ್ನಿ ಎಂದಳು. ಹಾಗೆಂದು ಮೊದಲಿನ ಸಲಿಗೆ ಇರಲಿಲ್ಲ. ಹೇಳಿದ್ದಕ್ಕೆಲ್ಲ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಗಾಳಿ ಬೀಸಬಾರದು, ಯಾಕೆ ಇಷ್ಟೇ ಹೊತ್ತು ತೊಳೆಯಬೇಕು, ಇಲ್ಲಿ ಮುಟ್ಟಿದರೆ ಏನಾಗುತ್ತದೆ, ಮುಟ್ಟಿಹೋದರೆ ಏನು ಮಾಡಬೇಕು. ಸಿಸ್ಟರ್ ಕೈ ಹಿಂದೆ ಕಟ್ಟಿಕೊಂಡು ಉತ್ತರ ಹೇಳುತ್ತಿದ್ದರು. ಹದಿನೆಂಟು ವರ್ಷದಲ್ಲಿ ಯಾರೂ ಅವರನ್ನು ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಕೇಳಲು ಅವರು ಬಿಟ್ಟಿರಲಿಲ್ಲ ಎನ್ನುವುದೇ ಸರಿ. ಮೂರನೇ ದಿನ ಗಂಡನ ಅಕ್ಕ ತಾನೂ ಕಲಿಯುತ್ತೇನೆಂದು ಬಂದಳು. ಒಬ್ಬಳ ಮೇಲೇ ಹೊರೆ ಹಾಕಿ ದೂರುವುದು ಸುಲಭ ನೋಡಿ ಎಂದು ತಾನಾಗಿ ಹೇಳಿ, ಉಗುರು ಕತ್ತರಿಸಿಕೊಂಡು ಬಂದ ಬೆರಳುಗಳನ್ನು ತೋರಿಸಿದಳು.

ಐದನೇ ದಿನ ಎಲ್ಲ ಮುಗಿದ ಮೇಲೆ, ಕೈ ಒರೆಸಿಕೊಳ್ಳುತ್ತಾ ಹೆಂಡತಿ ಕೇಳಿದಳು.

"ಸಿಸ್ಟರ್, ನನ್ನ ಹಾಗೆ ಇನ್ನೆಷ್ಟು ಜನ ಇದಾರೆ?"

ಗೊತ್ತಿಲ್ಲ ಎಂದು ಸಿಸ್ಟರ್ ಹೇಳಬಹುದಿತ್ತು. "ಇಬ್ಬರು ಇರಬಹುದು," ಎಂದರು.

"ಅವರಿಗೆ ಹೇಳಿದೀರಾ?"

"ಇಲ್ಲ."

ಆಕೆ ಬೇಕರಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಮರುವಾರ ರಜೆಯ ದಿನ ಸಿಸ್ಟರ್ ಇಬ್ಬರಲ್ಲಿ ಒಬ್ಬಳನ್ನು ಕಂಡು ಬಂದರು. ಆ ಹೆಂಗಸು ಎಲ್ಲ ಕೇಳಿ, ಈಗ ಚೆನ್ನಾಗಿದ್ದೇನಲ್ಲ ಬಿಡಿ ಸಿಸ್ಟರ್ ಎಂದು ಅಷ್ಟಕ್ಕೇ ಬಿಟ್ಟಳು. ಅಲ್ಲಿಂದ ಬಸ್ಸು ಬದಲಾಯಿಸಿ ಅಂಚೆಯವನ ಮನೆ ಹುಡುಕಿಕೊಂಡು ಹೋದರು. ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲಿನಲ್ಲಿ ಎರಡು ಸಲ ನಿಂತರು, ಒಂದು ಸಲ ದಣಿವಿಗೆ, ಇನ್ನೊಂದು ಸಲ ವಾಪಸ್ಸು ಹೋಗಿಬಿಡಲೇ ಎಂದು.

ಬಾಗಿಲು ತೆರೆದವನು ಮಗ. ಮೂವತ್ತರ ಆಸುಪಾಸಿನವನು. ಸಿಸ್ಟರನ್ನು ಕಂಡೊಡನೆ ಅವನ ಮುಖ ಬಿಗಿದುಕೊಂಡಿತು. ಅಪ್ಪ ಯಂತ್ರದ ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ದಾರೆ, ಏನಾಗಬೇಕಿತ್ತು ಎಂದ. ಸಿಸ್ಟರ್ ಬಾಗಿಲಲ್ಲೇ ನಿಂತು ಹೇಳಿದರು. ಕನ್ನಡಕ, ಮಾಸ್ಕ್, ಬೆರಳು, ಒಂದನ್ನೂ ಬಿಡಲಿಲ್ಲ. ತಮ್ಮಿಂದಲೇ ಆಯಿತೆಂದು ಖಚಿತವಾಗಿ ಹೇಳಲಾರೆ, ಆದರೆ ನಿಮ್ಮ ಅಜಾಗರೂಕತೆಯಿಂದ ಆಯಿತೆಂದು ಬರೆದದ್ದು ತಪ್ಪು, ಆ ಸಾಲನ್ನು ಹೊಡೆದುಹಾಕಿ ಬಂದಿದ್ದೇನೆ ಎಂದರು.

ಮಗ ಬಾಗಿಲ ಚೌಕಟ್ಟು ಹಿಡಿದು ಕೇಳುತ್ತಿದ್ದ. ಅವನ ಕಣ್ಣು ಕೆಂಪಾಯಿತು. ಕೂಗಾಡುತ್ತಾನೆ ಎಂದುಕೊಂಡರು ಸಿಸ್ಟರ್. ಕೂಗಾಡಲಿ, ನಾನು ತಯಾರಾಗಿಯೇ ಬಂದಿದ್ದೇನೆ ಎಂದುಕೊಂಡರು.

"ಅವತ್ತಿಂದ ಅಪ್ಪ ನನ್ನ ಕೈಯಿಂದ ಒಂದು ಲೋಟ ನೀರೂ ತಗೊಂಡಿಲ್ಲ," ಎಂದ ಅವನು. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದ. "ಒಳಗೆ ಬನ್ನಿ. ಅವರನ್ನ ಎಬ್ಬಿಸ್ತೀನಿ. ಇದನ್ನ ಅವರ ಎದುರಿಗೆ ಇನ್ನೊಂದು ಸಲ ಹೇಳಿ."

ಸಿಸ್ಟರ್ ಚಪ್ಪಲಿ ಬಿಟ್ಟು ಒಳಗೆ ಹೋದರು.